ಏರು ಹತ್ತಿದ ಕಾರು, ತಿರುಗಿ ಓಡಿದ ಕುರಿ

ಕಂಪನಿಯವರು ಕೂಡಿಸಿ ಕಳಿಸಿದ ಎಂಜಿನ್ನಿಗೆ ಕೈ ಹಾಕಿದಾಗೆಲ್ಲ ನನ್ನ ಗ್ಯಾರೇಜಿನಲ್ಲಿ ಒಂದಿಲ್ಲೊಂದು ಫಜೀತಿ ಆಗೇ ಆಗ್ತದೆ. ಶಿಕಾರಿಪುರದಲ್ಲಿ ಸ್ಪ್ಯಾನರ್ ಹಿಡಿದೇ ಬದುಕಿದವನು ನಾನು. ಈಗ ಕಾರಿಗೆ ಲ್ಯಾಪ್‌ಟಾಪ್ ಚುಚ್ಚಿ ಡೀಸೆಲ್ ಎಷ್ಟು ಬೀಳಬೇಕು, ಯಾವಾಗ ಬೀಳಬೇಕು ಅನ್ನೋದನ್ನೇ ಬದಲಾಯಿಸಬಹುದು ಅಂತ ಗೊತ್ತಾದ ಮೇಲೆ ಸುಮ್ಮನಿರೋದು ಹೇಗೆ? ಇನ್ನೊಂಚೂರು ಕೊಟ್ರೆ ಏನಾಗ್ತದೆ ಅಂತ ನೋಡೋ ಚಟ, ಏನ್ ಮಾಡ್ಲಿ!

೧. ಅತ್ತೆ ಮನೆಗೆ ಸವಾರಿ

ಮೊದಲು ನನ್ನ ಕಾರಿಗೇ ಮಾಡಿದೆ. ಅಬ್ಬಬ್ಬಾ, ಕಾಲಿಟ್ಟರೆ ಸಾಕು, ಕಿತ್ಕೊಂಡು ಹೋಗ್ತಿತ್ತು. ಹೆಂಡತಿಯನ್ನು ಕೂರಿಸಿಕೊಂಡು ಸೊರಬದ ಅತ್ತೆ ಮನೆಗೆ ಹೊರಟೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿದ್ದೆ, ಅದನ್ನು ಚಕ್ರಕ್ಕೆ ದಾಟಿಸೋ ಕ್ಲಚ್ಚು ಮಾತ್ರ ಹಳೇದೇ. ಅರ್ಧ ದಾರೀಲಿ ಸುಟ್ಟ ವಾಸನೆ ಬಂತು. ಎಂಜಿನ್ ಕೂಗ್ತದೆ, ಕಾರು ಜಪ್ಪಯ್ಯ ಅಂದ್ರೂ ಮುಂದೆ ಹೋಗಲ್ಲ. ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋದ್ವಿ.

ಹೆಂಡತಿಯ ತಮ್ಮ ಬಾಗಿಲಲ್ಲೇ ನಿಂತಿದ್ದ. "ಭಾವ, ಹೊಸ ಸೆಟ್ಟಿಂಗಲ್ಲಿ ಎಷ್ಟು ಸ್ಪೀಡ್ ಬಂತು?"

ನಾನು ಬಾಯಿ ತೆಗೆಯೋದ್ರೊಳಗೆ ನನ್ನವಳು ಅಂದಳು: "ಟ್ರ್ಯಾಕ್ಟರ್ ಎಷ್ಟು ಬಂತೋ ಅಷ್ಟೇ ಕಣೋ."

೨. ಪಕ್ಕದ ಅಂಗಡಿಯ ಚಹಾ

ಇಷ್ಟಾದ್ರೂ ಬುದ್ಧಿ ಬರಬೇಕಲ್ಲ! ಉಡುತಡಿ ಕಡೆಯ ಕುರಿ ಸಾಕೋ ಯಜಮಾನರೊಬ್ಬರು ಹಳೇ ಡೀಸೆಲ್ ಕಾರು ತಂದರು. ಹಿಂದಿನ ಸೀಟು ಕಿತ್ತು ಹಿಂಡಿ ಮೂಟೆ ಹೇರೋ ಕಾರದು. ನಾಲ್ಕು ಮೂಟೆ ಹೇರಿದರೆ ಕುರಿದೊಡ್ಡಿಯ ಏರು ಹತ್ತುತ್ತಿರಲಿಲ್ಲ. ಎರಡನ್ನು ಅವರೇ ಬೆನ್ನ ಮೇಲೆ ಹೊರಬೇಕು.

"ನನ್ನ ಸೊಂಟ ಬಿದ್ದು ಹೋಗೈತ್ರೀ. ನಾಕೂ ಮೂಟಿ ಕಾರೇ ಹತ್ತಿಸ್ಬೇಕು. ಇಲ್ಲಾಂದ್ರ ಕುರಿ ಮಾರೋದೇ."

"ಡೀಸೆಲ್ ಜಾಸ್ತಿ ಕುಡೀತದೆ, ಎಂಜಿನ್ ಬಿಸಿ ಆಗ್ತದೆ, ಕ್ಲಚ್ಚೂ ಗಟ್ಟಿದು ಹಾಕಬೇಕು," ಅಂದೆ.

"ಹಾಕ್ರಿ. ಸೊಂಟ ಹೊಸದು ಸಿಗಂಗಿಲ್ಲಲ್ಲ."

ಸೆಟ್ಟಿಂಗ್ ಏರಿಸಿದೆ, ಕ್ಲಚ್ಚು ಬದಲಿಸಿದೆ, ಹೊಗೆ ಸಲೀಸಾಗಿ ಹೋಗಲಿ ಅಂತ ಸೈಲೆನ್ಸರಿಗೆ ದಪ್ಪ ಪೈಪು ಹಾಕಿದೆ. ಸ್ಟಾರ್ಟ್ ಮಾಡಿ ಒತ್ತಿದ್ದೇ ತಡ, ಕಪ್ಪು ಹೊಗೆ ಪಕ್ಕದ ಚಹಾದಂಗಡಿಗೆ ನುಗ್ಗಿತು. ಅಂಗಡಿಯವರು ಪಾತ್ರೆ ಹಿಡಿದೇ ಬಂದರು.

"ಡೀಸೆಲ್ ಒಂಚೂರು ಇಳಸ್ರೀ ಮಾರಾಯ್ರೆ. ನೋಡ್ರಿ, ಹಾಲು ಹಾಕಿದ ಚಹಾ ಡಿಕಾಕ್ಷನ್ ಆಗೈತಿ!"

೩. ಕುರಿಗಳ ತೀರ್ಮಾನ

ಒಂಚೂರು ಇಳಿಸಿ ಕಳಿಸಿದೆ. ಮರುದಿನ ಯಜಮಾನರ ಫೋನು. "ಏರು ಹತ್ತಿತ್ರೀ, ನಾಕೂ ಮೂಟಿ!" ನನಗೆ ಖುಷಿಯೋ ಖುಷಿ. "ಆದ್ರ ಕುರಿ ಓಡಿಹೋದ್ವು."

ವಿಷಯ ಇಷ್ಟೇ. ಹಳೇ ಕಾರಿನ ಗಡಗಡ ಕೇಳಿದರೆ ಹಿಂಡಿ ಬಂತು ಅಂತ ಕುರಿಗಳು ಓಡಿ ಬರ್ತಿದ್ವು. ಈಗ ಹೊಸ ಗುಡುಗಿಗೆ ಹೆದರಿ ಪಕ್ಕದವರ ಮೆಕ್ಕೆಜೋಳಕ್ಕೆ ನುಗ್ಗಿದ್ವು. ಇನ್ನೊಂದು ಸಲ ಬಂದ್ರೆ ಕುರಿ ಕಟ್ಟಿಹಾಕ್ತೀನಿ ಅಂತ ಹೊಲದವರು ಬೈದು ಹೋಗಿದ್ದರು.

ಕುರಿ ಕಿವಿ ಅಷ್ಟು ಚುರುಕಾ? ನೋಡೇಬಿಡೋಣ ಅಂತ ಲ್ಯಾಪ್‌ಟಾಪು, ಹಳೇ ಪೈಪು ಎರಡನ್ನೂ ಹೊತ್ತು ಹೋದೆ. ಹಳೇದನ್ನೆಲ್ಲ ಕೂಡಿಸಿದೆ. ಕುರಿ ಬಂದ್ವು, ಕಾರು ನಡು ಏರಲ್ಲಿ ನಿಂತಿತು. ನಡುವಿನ ಸೆಟ್ಟಿಂಗ್ ಇಟ್ಟೆ. ಕಾರೂ ಮುಕ್ಕಾಲು ಹತ್ತಿತು, ಕುರಿಯೂ ಅರ್ಧ ಬಂದ್ವು. ಪುನಃ ಹೊಸದನ್ನೇ ಕೂಡಿಸಿದೆ. ಕಾರು ತುದಿ ಮುಟ್ಟಿತು, ಕುರಿಗಳು ಜೋಳದ ಕಡೆ ತಿರುಗಿದ್ವು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಪಾಪ, ನನಗೂ ಬಹಳ ಬೇಜಾರಾಯ್ತು.

ಅಷ್ಟರಲ್ಲಿ ಅವರ ಹೆಂಡತಿ ಬಂದರು. ಕಾರು ಗುಡುಗ್ತಿರುವಾಗಲೇ ಪಕ್ಕದಲ್ಲಿ ನಿಂತು ಬಾಯಲ್ಲೇ "ಗಡ್ ಗಡ್ ಗಡ್ ಗಡ್ರ್ರ್ರ್" ಅಂತ ಹಳೇ ಎಂಜಿನ್ ಓಡಿಸಿದರು. ಕುರಿಗಳು ನಿಂತವು, ತಿರುಗಿದವು, ಇಡೀ ಹಿಂಡು ಕಾರಿನ ಬಾಗಿಲಿಗೇ ಬಂತು!

ಯಜಮಾನರ ಮುಖ ಅರಳಿತು. "ಹಂಗಾದ್ರ ಹೊಸ ಸೆಟ್ಟಿಂಗೇ ಇರ್ಲಿ ಬಿಡ್ರಿ. ದಿನಾ ಇವಳು ಜೋಡಿ ಬರ್ತಾಳ, ಕೂಗ್ತಾಳ."

"ಯಾಕ? ಕಾರು ನಾ ಓಡಸ್ತೀನಿ. ಕೂಗೋದು ನೀವು ಕಲೀರಿ," ಅಂದರು ಆಯಮ್ಮ.

ಮೊನ್ನೆ ಆಯಿಲ್ ಬದಲಿಸೋಕೆ ಬಂದಿದ್ದರು. ಸ್ಟೀರಿಂಗ್ ಹಿಡಿದವರು ಆಯಮ್ಮ. ಪಕ್ಕದಲ್ಲಿ ಯಜಮಾನರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಗಪ್‌ಚಿಪ್.

"ಎಂಜಿನ್ ಹೇಗಿದೆ?" ಅಂದೆ.

"ಎಂಜಿನ್ ಚಲೋ ಐತ್ರೀ," ಅಂದರು ಆಕೆ. "ಇವರ ಗಂಟಲು ಕೂತೈತಿ. ಅದಕ್ಕೇನಾರ ಸೆಟ್ಟಿಂಗ್ ಐತೇನು, ನೋಡ್ರಿ."