ಹೊಳೆದ ಒಂದೇ ತಟ್ಟೆಯ ವಿಷಯವಾಗಿ ಪಾತ್ರೆ ತೊಳೆಯುವ ಯಂತ್ರಕ್ಕೆ

ಮಾನ್ಯ ಪಾತ್ರೆ ತೊಳೆಯುವ ಯಂತ್ರದವರೇ,

ಎಂಬತ್ತರ ದಶಕದಲ್ಲಿ ಹಡಗೇರಿ ಬಂದು, ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರೊಬ್ಬರ ಬಂಗಲೆಯಲ್ಲಿ ಮೂವತ್ತು ವರ್ಷ ಮುಸುಕು ಹೊದ್ದು ವಿಶ್ರಮಿಸಿ, ಈಗ ಬಳ್ಳಾರಿಯ ಗಡಸು ನೀರನ್ನು ಬೇಸರವಿಲ್ಲದೆ ಕುಡಿಯುತ್ತಿರುವ ತಮ್ಮ ಪಾದಗಳಿಗೆ, ಅಂದರೆ ತುಕ್ಕು ಹಿಡಿದ ಆ ನಾಲ್ಕು ಗಾಲಿಗಳಿಗೆ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ ತಿಪ್ಪೇರುದ್ರಪ್ಪನ ನಮಸ್ಕಾರಗಳು.

ತಮ್ಮನ್ನು ಮನೆಗೆ ಕರೆತಂದ ಕಾರಣವನ್ನು ಮೊದಲು ನಿವೇದಿಸಿಕೊಳ್ಳುತ್ತೇನೆ. ನನ್ನ ಹೆಂಡತಿ ದಾಕ್ಷಾಯಣಿಯ ಬಲಗೈ ಮಣಿಕಟ್ಟು ಮುರಿದು, ಮೂರು ತಿಂಗಳು ಮುಸುರೆ ಮುಟ್ಟಕೂಡದೆಂದು ಡಾಕ್ಟರು ಹೇಳಿದಾಗ, ಇನ್ನು ಪಾತ್ರೆಗಳ ಚಿಂತೆ ನನ್ನದು ಎಂದು ಎದೆ ತಟ್ಟಿ ಹೇಳಿದವನು ನಾನು. ಬೇರೆ ಯಾರಾದರೂ ಆಗಿದ್ದರೆ ತೋಳೇರಿಸಿ ನಲ್ಲಿ ತಿರುಗಿಸುತ್ತಿದ್ದರು. ವಿಜ್ಞಾನ ಓದಿದವನಾದ್ದರಿಂದ ನಾನು ಸಿರುಗುಪ್ಪಕ್ಕೆ ಗೂಡ್ಸ್ ಆಟೋ ಕಳಿಸಿದೆ. ಈಗಿನ ಯಂತ್ರಗಳು ನೀರು ಉಳಿಸುವ ನೆಪದಲ್ಲಿ ಪಾತ್ರೆಗಳನ್ನು ಬರೀ ಒದ್ದೆ ಮಾಡುತ್ತವೆ, ತೊಳೆಯುವುದೇನಿದ್ದರೂ ಹಳೆಯವೇ ಎಂದು ಕಂಡಕಂಡವರಿಗೆ ಭಾಷಣವನ್ನೂ ಬಿಗಿದೆ.

ತಾವೂ ನನ್ನ ಮಾತು ಉಳಿಸಿದಿರಿ. ದಿನವೂ ಬಾಗಿಲು ತೆರೆದರೆ ಮುಂದಿನ ಸಾಲಿನ ಮೊದಲ ತಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಉಳಿದವನ್ನು ನೋಡುವ ತಾಳ್ಮೆಯಿಲ್ಲದೆ ಅದೊಂದನ್ನೇ ಹಿಡಿದು ಓಣಿಗೆ ಓಡಿ, ಆ ಜಾಗಕ್ಕೆ ನೀರು ಯಾವ ಕೋನದಲ್ಲಿ ಚಿಮ್ಮುತ್ತದೆಂದು ತರಕಾರಿ ಮಾರುವ ಮಾರೆಮ್ಮನಿಗೂ ವಿವರಿಸಿ ಮರಳುವಷ್ಟರಲ್ಲಿ, ಎಲ್ಲ ಪಾತ್ರೆಗಳೂ ಫಳಫಳ ಎನ್ನುತ್ತ ಕಪಾಟು ಸೇರಿರುತ್ತಿದ್ದವು. ಹೀಗೆ ಎರಡು ತಿಂಗಳು ಕಳೆದವು.

ಕಳೆದ ಭಾನುವಾರ ತಮ್ಮ ಕೀರ್ತಿ ಇನ್ನಷ್ಟು ಹಬ್ಬಲೆಂದು ಆರು ಜನ ನಿವೃತ್ತ ಉಪನ್ಯಾಸಕರನ್ನು ಮಂಡಕ್ಕಿ ಒಗ್ಗಾಣಿ, ಮಿರ್ಚಿಗೆ ಕರೆದೆ. ತಮ್ಮನ್ನು ಮೊದಲಿನಿಂದ ಅನುಮಾನಿಸುತ್ತಿದ್ದ ಗೆಳೆಯ ಶಶಿಕಾಂತನ ತಟ್ಟೆಯನ್ನೇ ಮುಂದಿನ ಸಾಲಿನ ಆ ಪುಣ್ಯಸ್ಥಳದಲ್ಲಿ ನನ್ನ ಕೈಯಾರೆ ಇಟ್ಟೆ. ಎರಡು ಗಂಟೆ ತಾವು ಗುಡುಗಿದಿರಿ. ಬಾಗಿಲು ತೆರೆದರೆ, ಅಂಟಿದ್ದ ಅರಿಶಿನ, ಶೇಂಗಾ ಪುಡಿಯನ್ನೆಲ್ಲ ಆವಿಯಲ್ಲಿ ಬೇಯಿಸಿ ಶಾಶ್ವತಗೊಳಿಸಿದ್ದಿರಿ. ಹಿಂದಿನ ಮೂಲೆಯಲ್ಲಿ ಒಂದೇ ಒಂದು ತಟ್ಟೆ ಹೊಳೆಯುತ್ತಿತ್ತು. ನಾನು ಕೂಡಲೇ ಕೋನದ ಲೆಕ್ಕ ತಿದ್ದಲು ಶುರುಮಾಡಿದೆ.

ಅಷ್ಟರಲ್ಲಿ ಕುರುಗೋಡಿನ ಮಗಳಾದ ನಮ್ಮ ಅವ್ವ ಕೊಟ್ರಬಸಮ್ಮ, “ಅದು ನನ್ನ ಗಂಗಾಳಪ್ಪಾ. ಉಣ್ಣೂದು ಪ್ರಸಾದ, ಒಂದಗಳೂ ಕೆಡಸಬಾರದಂತ ಉಂಡ ಗಂಗಾಳ ತೊಳದು, ಆ ನೀರು ಕುಡದ ಇಡತೀನಿ. ದಿನಾ ನಾನ ಮೊದಲ ಉಂಡು ಮುಂದ ಇಡತಿದ್ದೆ, ಇವತ್ತ ನೀನು ಹಿಂದ ಇಟ್ಟಿ” ಎಂದಳು. ಅರವತ್ತು ವರ್ಷ ಅವಳ ಪಕ್ಕದಲ್ಲೇ ಉಂಡು ಇದನ್ನು ಕಂಡವನು ನಾನು, ಆದರೂ ಹೊಳೆದಿರಲಿಲ್ಲ. ಸಾಲದ್ದಕ್ಕೆ, “ನೀನು ಓಣಿಗೆ ಹೋದ ಮ್ಯಾಲ ಉಳದಿದ್ದೆಲ್ಲಾ ಈಕಿನ ಎಡಗೈಲೆ ತಿಕ್ಕತಾಳ” ಎಂದು ಸೊಸೆಯತ್ತ ಕೈ ತೋರಿಸಿ ಸೇರಿಸಿದಳು. ಯಾಕೆ ಹೇಳಲಿಲ್ಲವೆಂದು ಕೇಳಿದರೆ ದಾಕ್ಷಾಯಣಿ, “ನಿಮ್ಮ ಖುಷಿ ನೋಡಿ ಹೇಳಾಕ ಮನಸಾಗಲಿಲ್ರಿ” ಎಂದಳು. ಶಶಿಕಾಂತ ನಕ್ಕಿದ್ದು ನನಗೆ ತಾಗಲಿಲ್ಲ. ಈ ಮಾತಿಗೆ ಮಾತ್ರ ನಾಚಿ ನೀರಾದೆ.

ಆದ್ದರಿಂದ ತಾವು ಅವ್ವನಲ್ಲಿ ದೀಕ್ಷೆ ಪಡೆದು ತಟ್ಟೆ ತೊಳೆಯುವುದನ್ನು ಕಲಿಯಬೇಕು. ನನ್ನ ಭಾಷಣಗಳನ್ನು ಓಣಿಯವರ ಕಿವಿಗಳಿಂದ ಬಿಸಿನೀರು ಹಾಕಿ ತೊಳೆದುಕೊಡಬೇಕು. ದಾಕ್ಷಾಯಣಿಯ ಎಡಗೈ ಸವೆಸಿದ ಎರಡು ತಿಂಗಳನ್ನು ಅವಳಿಗೆ ಹಿಂದಿರುಗಿಸಬೇಕು. ಇದಾವುದೂ ತಮ್ಮಿಂದಾಗದಿದ್ದರೆ ಇದ್ದಲ್ಲೇ ಇರಿ, ತಮ್ಮೊಳಗೆ ಜೋಳದ ಹಿಟ್ಟಿನ ಡಬ್ಬಿ ಇಡಲು ಅವ್ವ ಜಾಗ ನೋಡಿಟ್ಟಿದ್ದಾಳೆ. ಭಾನುವಾರದಿಂದ ಪಾತ್ರೆಗಳನ್ನು ನಾನೇ ತಿಕ್ಕುತ್ತಿದ್ದೇನೆ.

ಎರಡೂ ಕೈ ಗಟ್ಟಿಯಿದ್ದೂ ತಮ್ಮನ್ನು ನಂಬಿದ್ದ,
ತಮ್ಮ ವಿಶ್ವಾಸಿ,
ತಿಪ್ಪೇರುದ್ರಪ್ಪ, ಬಳ್ಳಾರಿ

ತಾ.ಕ.: ನಿನ್ನೆ ನಾನು ತೊಳೆದಿಟ್ಟ ತಟ್ಟೆಯನ್ನು ದಾಕ್ಷಾಯಣಿ ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಕಡೆ ತಿರುವಿ ನೋಡಿ, “ಇದಕ್ಕಿಂತ ಮಿಶಿನ್ನ ಪಾಡಿತ್ತಲ್ರೀ” ಎಂದಳು. ತಾವು ಉಬ್ಬುವ ಅಗತ್ಯವಿಲ್ಲ. ಈ ಸಲ ಅವಳು ಅದನ್ನು ತಿಕ್ಕಲು ಕೂರಲಿಲ್ಲ. ನನ್ನ ಕೈಗೇ ವಾಪಸು ಕೊಟ್ಟಳು.