ಸೊಸೆಯ ಕ್ಲಚ್ಚು, ನನ್ನ ಇಕ್ಕಳ

ನನ್ನ ಸೊಸೆಯ ಸುದ್ದಿ ಮೊದಲ ಸಲ ಕಿವಿಗೆ ಬಿದ್ದ ದಿನ ನಾನು ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದೆ. ಮಗ ಬಂದವನೇ ಪಕ್ಕದಲ್ಲಿ ಕೂತು, ಹೇಳದೆ ಕೇಳದೆ ತಾನೂ ಸುಲಿಯತೊಡಗಿದ. ಏನೋ ಅನಾಹುತ ಕಾದಿದೆ ಎಂದು ಆಗಲೇ ಗೊತ್ತಾಯಿತು.

“ಅಮ್ಮ, ಒಂದು ಹುಡುಗೀನ ನೋಡಿದೀನಿ.”

“ನೋಡು. ಕಣ್ಣಿರೋದೇ ಅದಕ್ಕೆ. ಏನ್ ಮಾಡ್ತಾಳೆ?”

“ಔಷಧಿ ಅಂಗಡಿಯಿಂದ ಮನೆಮನೆಗೆ ಔಷಧಿ ತಲುಪಿಸ್ತಾಳೆ. ಬೈಕಲ್ಲಿ.”

“ಸ್ಕೂಟರ್ ಅನ್ನು.”

“ಅಲ್ಲಮ್ಮ, ಬೈಕು. ಗೇರಿಂದು.”

ಗಾಬರಿಗೆ ಕಾಳನ್ನು ಸಿಪ್ಪೆಯ ರಾಶಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕಿದೆ. ನಮ್ಮ ಯಜಮಾನರು, ಪಾಪ, ಇದ್ದಷ್ಟು ದಿನವೂ ಸೈಕಲ್ಲನ್ನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಅಂಥ ಘನವಂಶಕ್ಕೆ ಗೇರು ಹಾಕುವ ಸೊಸೆ.

ಬಂದಳು. ಒಳ್ಳೆಯವಳೇ. (ಇದನ್ನು ಅವಳೆದುರು ಹೇಳಿಲ್ಲ. ತಲೆಗೇರೀತು, ಅಲ್ಲಿ ಮೊದಲೇ ಹೆಲ್ಮೆಟ್ಟು ಏರಿ ಕೂತಿರುತ್ತದೆ.)

ಮದುವೆಯಾದ ಮೂರನೇ ತಿಂಗಳು ನನ್ನನ್ನು ಹಿಂದೆ ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೊರಟಳು. ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿತು. ಮುಳುಗುವ ದೋಣಿಯನ್ನು ಉಳಿಸುವವಳಂತೆ ನಾನು ಬಲಕ್ಕೆ ವಾಲಿದೆ. ಮರುಕ್ಷಣ ಅತ್ತೆ, ಸೊಸೆ, ಗಾಡಿ, ಮೂವರೂ ಯಾರದೋ ಮನೆ ಮುಂದಿನ ಮರಳಿನ ರಾಶಿಯ ಮೇಲೆ ಭೇದಭಾವವಿಲ್ಲದೆ ಮಲಗಿದ್ದೆವು. ಅವಳ ಮೊಣಕಾಲು ತರಚಿತು. ನನ್ನ ಮಾನ ತರಚಿತು. ಅಷ್ಟೇ.

ಮನೆಗೆ ಬಂದು ಅವಳು ಕಾಲು ತೊಳೆಯಲು ಒಳಗೆ ಹೋದಾಗ, ನಾನು ಗಾಡಿಯ ಆರೋಗ್ಯ ವಿಚಾರಿಸಿದೆ. ಎಡಗೈ ಹಿಡಿ ತುಸು ಲೊಡಲೊಡ ಅನ್ನುತ್ತಿತ್ತು. ನನಗೋ ಸಡಿಲವೆಂದರೆ ಆಗದು. ಬಟ್ಟೆ ಹಗ್ಗವಿರಲಿ, ಮಂಚದ ನವಾರಿರಲಿ, ಡಬ್ಬಿಯ ಮುಚ್ಚಳವಿರಲಿ, ಬಿಗಿದರೇ ಸಮಾಧಾನ. ಬಿದ್ದದ್ದು ನನ್ನಿಂದ, ಇಷ್ಟಾದರೂ ಮಾಡೋಣ ಎಂದು ಒಲೆಯ ಬಳಿಯ ಇಕ್ಕಳ ತಂದು, ಹಿಡಿಯ ಬುಡದಲ್ಲಿದ್ದ ಪುಟ್ಟ ತಿರುಪನ್ನು ಲೊಡಲೊಡ ನಿಲ್ಲುವವರೆಗೆ ತಿರುಗಿಸಿದೆ. ಯಾರಿಗೂ ಹೇಳಲಿಲ್ಲ. ಪುಣ್ಯಕಾರ್ಯಕ್ಕೆ ಡಂಗುರ ಯಾಕೆ?

ಮಾರನೆಯ ದಿನ, ಶುಕ್ರವಾರ, ಮಟಮಟ ಮಧ್ಯಾಹ್ನ ಅವಳು ಗಾಡಿ ತಳ್ಳಿಕೊಂಡು ಬಂದಳು. ಮುಖ ಕೆಂಪು, ಕೂದಲು ಕೆದರಿತ್ತು.

“ಅತ್ತೆ, ಕ್ಲಚ್ಚು ಜಾರ್ತಾ ಇದೆ.”

“ಜಾರದೆ ಏನು ಮಾಡತ್ತೆ? ಹಿಡಿ ಕೂದಲಿಗೆ ಅಂಗೈಯಗಲ ಕ್ಲಚ್ಚು. ತೆಗೆದು ಬಿಸಾಕಿ ಜಡೆ ಹಾಕ್ಕೋ.”

“ತಲೇದಲ್ಲ ಅತ್ತೆ, ಗಾಡೀದು. ಏರಲ್ಲಿ ಇಂಜಿನ್ನು ಬಾಯಿ ಬಡ್ಕೊಳತ್ತೆ, ಚಕ್ರ ಕೇಳಿಸ್ಕೊಳ್ಳೋದೇ ಇಲ್ಲ.”

ನಾನು ಮಗನನ್ನು ಸಾಕಿದವಳು, ಆ ಕಾಯಿಲೆ ಚೆನ್ನಾಗಿ ಅರ್ಥವಾಯಿತು.

ಅರ್ಧದಷ್ಟು ಔಷಧಿ ಹಂಚದೆ ಉಳಿದಿತ್ತು. ಅಂಗಡಿಯವರು ಒಂದೇ ಮಾತು ಹೇಳಿದ್ದರಂತೆ: ಸೋಮವಾರ ಬೆಳಿಗ್ಗೆ ಗಾಡಿ ಬರದಿದ್ದರೆ ಅವಳ ಬೀದಿಗಳು ಬೇರೆಯವರಿಗೆ. ಟೈಪಿಂಗ್ ಬಿಟ್ಟು ಬೇರೇನೂ ಗೊತ್ತಿಲ್ಲದ ಮಗರಾಯ “ಒಳಗೆ ಪ್ಲೇಟ್ ಸುಟ್ಟಿರತ್ತೆ” ಎಂದು ತೀರ್ಪು ಕೊಟ್ಟ. ಅವಳು ಕುಗ್ಗಿಹೋದಳು. “ನಂದೇ ತಪ್ಪು. ಅರ್ಧಂಬರ್ಧ ಕ್ಲಚ್ ಹಿಡ್ಕೊಂಡೇ ಓಡಿಸ್ತೀನೇನೋ.”

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಎರಡು ದಿನ ಪ್ರವಚನ ಮಾಡಿದೆ. ವಸ್ತುವನ್ನು ಹದವಾಗಿ ಬಳಸಬೇಕು, ಕೈಲಿ ನಾಜೂಕು ಬೇಕು, ನನ್ನ ಇಕ್ಕಳಕ್ಕೆ ಮೂವತ್ತು ವರ್ಷ. ಶನಿವಾರ ಸಂಜೆ ಅವಳು ಹೆಲ್ಮೆಟ್ಟನ್ನು ಒರೆಸಿ ಅಟ್ಟದ ಮೇಲಿಟ್ಟಳು. “ಬಿಡಿ ಅತ್ತೆ, ನನ್ನ ಕೈಗೆ ಹತ್ತೋ ಕೆಲಸ ಅಲ್ಲ.” ಅದನ್ನು ಕೇಳಿ ಯಾಕೋ ನನಗೆ ಗೆದ್ದಂತೆ ಅನಿಸಲಿಲ್ಲ.

ಭಾನುವಾರ ಮೆಕ್ಯಾನಿಕ್ಕು ಬಂದ. ಎಲ್ಲರೂ ಅವನನ್ನು ಕಿವಿಯಣ್ಣ ಅನ್ನುತ್ತಾರೆ. ಇಂಜಿನ್ನಿಗೆ ಕಿವಿ ಕೊಟ್ಟೇ ರೋಗ ಹೇಳುವವನು. ಗಾಡಿ ಸ್ಟಾರ್ಟ್ ಮಾಡಿ, ಮೇಲಿನ ಗೇರಿಗೆ ಹಾಕಿ, ಬ್ರೇಕು ಒತ್ತಿ ಎಡಗೈ ಬಿಟ್ಟ.

“ಈಗ ಇದು ಉಸಿರು ಕಟ್ಟಿ ನಿಂತುಹೋಗ್ಬೇಕು. ನಿಲ್ತಾ ಇಲ್ಲ ನೋಡಿ. ಜಾರ್ತಿದೆ.”

“ಇಂಜಿನ್ ಬಿಚ್ಬೇಕಾ?” ಸೊಸೆ ಕೇಳಿದಳು.

ಅವನು ಎಡಗೈ ಹಿಡಿಯನ್ನು ಒಂದು ಬೆರಳಲ್ಲಿ ಮುಟ್ಟಿದ. “ಇಲ್ಲಿ ಒಂದು ನಾಣ್ಯದ ದಪ್ಪ ಸಡಿಲ ಇರ್ಬೇಕು ಕಣಮ್ಮ. ಒಂಚೂರೂ ಇಲ್ಲ.”

“ಸಡಿಲ ಯಾಕಪ್ಪ ಇರ್ಬೇಕು?” ನಾನು ಕೇಳಿದೆ.

“ಅಜ್ಜಿ, ಕ್ಲಚ್ಚಿನ ಗುಣಾನೇ ಅದು. ಹಿಡಿದ್ರೆ ಬಿಡುತ್ತೆ, ಬಿಟ್ರೆ ಹಿಡಿಯುತ್ತೆ. ನಾವು ಪೂರ್ತಿ ಬಿಟ್ರೇನೇ ಒಳಗಿರೋ ಪ್ಲೇಟುಗಳು ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಳ್ಳೋದು. ಇಲ್ಲಿ ಯಾರೋ ಬಿಗಿದೂ ಬಿಗಿದೂ ಅವನ್ನ ಹಿಡ್ಕೊಳ್ಳೋಕೇ ಬಿಟ್ಟಿಲ್ಲ.”

ಮಗ ಕೆಮ್ಮಿದ. ಕೆಮ್ಮು ಬಂದು ಕೆಮ್ಮಿದ್ದಲ್ಲ.

ಕಿವಿಯಣ್ಣ ತಿರುಪಿನ ಮೇಲೆ ಬೆರಳಾಡಿಸಿದ. “ಹಲ್ಲಿನ ಗುರುತಿದೆ. ಇದೇನು, ಒಲೆ ಮಸಿ?”

ನಾಲ್ಕು ಜನರ ಅಂಗಳದಲ್ಲಿ ಮೂವರು ನನ್ನನ್ನೇ ನೋಡುತ್ತಿದ್ದರು. ಸಿಡಿಲು ಬಡಿದ ಮರ ಹೇಗಿರುತ್ತದೆಂದು ಆವತ್ತು ನನಗೆ ಒಳಗಿನಿಂದ ತಿಳಿಯಿತು. ಇಲಿ ಮಾಡಿತು ಅನ್ನೋಣವೆಂದರೆ ಇಲಿ ಇಕ್ಕಳ ಹಿಡಿಯುವುದಿಲ್ಲ.

“ನಾನೇ,” ಎಂದೆ. “ಒಳ್ಳೇದಾಗ್ಲಿ ಅಂತ.”

ಸೊಸೆ ತನ್ನ ಎರಡೂ ಅಂಗೈ ನೋಡಿಕೊಂಡಳು. “ಎರಡು ದಿನ ನನ್ನ ಕೈಗೆ ಬೈದ್ರಲ್ಲ ಅತ್ತೆ.”

“ಬೈದೆ. ತಪ್ಪು ಕೈಗೆ ಬೈದೆ.”

ಅವಳ ತುಟಿ ಬಿಗಿಯಾಯಿತು. ಅಳುತ್ತಾಳೇನೋ ಅಂದುಕೊಂಡೆ. ಅವಳು ಮೆಟ್ಟಿಲ ಮೇಲೆ ಕುಸಿದು, ಹೊಟ್ಟೆ ಹಿಡಿದು ನಕ್ಕಳು. ಕಿವಿಯಣ್ಣ ತಿರುಪನ್ನು ನಾಲ್ಕು ಸುತ್ತು ಸಡಿಲಿಸಿ, ಏರಿನ ತುದಿಯವರೆಗೆ ಓಡಿಸಿಕೊಂಡು ಬಂದು, “ನಿಮ್ಮ ಪುಣ್ಯ, ಪ್ಲೇಟು ಸುಟ್ಟಿಲ್ಲ” ಎಂದ. ಅಟ್ಟದಿಂದ ಹೆಲ್ಮೆಟ್ಟನ್ನು ನಾನೇ ಇಳಿಸಿದೆ.

ಸೋಮವಾರ ಬೆಳಿಗ್ಗೆ ಔಷಧಿ ಡಬ್ಬ ಕಟ್ಟಿಕೊಂಡು ಗಾಡಿ ಏರಿದಳು. ಇನ್ನೇನು ಹೊರಡಬೇಕು, ನಿಂತಳು. ಬಲಗೈ ಹಿಡಿಯನ್ನು ಒಮ್ಮೆ ಒತ್ತಿದಳು, ಇನ್ನೊಮ್ಮೆ ಒತ್ತಿದಳು. ಮೆಲ್ಲಗೆ ಹೆಲ್ಮೆಟ್ಟಿನ ಗಾಜು ಎತ್ತಿ ನನ್ನ ಕಡೆ ತಿರುಗಿದಳು.

“ಅತ್ತೆ, ನಾನು ಬೈಯಲ್ಲ, ನಿಜ ಹೇಳಿ. ಅವತ್ತು ಬ್ರೇಕಿಗೂ ಒಳ್ಳೇದು ಮಾಡಿದ್ರಾ?”