ಶೆಟ್ಟರ ಬೂಸಾದ ಜಾಹೀರಾತು

ಜಾಹೀರಾತಿಗೆ ಮರುಳಾಗಿ ನಾನು ಒಂದು ಪೊಟ್ಟಣ ಹಲ್ಲುಪುಡಿಯನ್ನೂ ಕೊಂಡವನಲ್ಲ ಎಂದು ಬಹಳ ವರ್ಷ ಜಂಬ ಕೊಚ್ಚಿಕೊಂಡಿದ್ದೇನೆ. ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ತಿದ್ದಲು ಮಕ್ಕಳ ಪುಸ್ತಕಗಳಿರಲಿಲ್ಲ. ಹಾಗಾಗಿ ಟೀವಿಯ ಜಾಹೀರಾತುಗಳಿಗೇ ಅಂಕ ಕೊಡುತ್ತ ಕೂರುವ ಚಟ ಅಂಟಿಕೊಂಡಿತು. ಸೋಪಿನದಕ್ಕೆ ಹತ್ತಕ್ಕೆ ನಾಲ್ಕು, ಏಕೆಂದರೆ ಕೆಸರು ಮೆತ್ತಿಕೊಂಡು ಬಂದ ಮಗುವನ್ನು ಕಂಡು ಯಾವ ತಾಯಿಯೂ ಅಷ್ಟು ನಗುವುದಿಲ್ಲ. ಟೀಪುಡಿಯದಕ್ಕೆ ಎಂಟು. ಮುನಿಸಿಕೊಂಡ ಅತ್ತೆ ಸೊಸೆ ಮಾತಿಲ್ಲದೆ ಲೋಟ ಬದಲಾಯಿಸಿಕೊಳ್ಳುತ್ತಾರೆ, ಟೀಯ ಹೆಸರು ಕೊನೆಗೆ ಬರುತ್ತದೆ. ಜಾಹೀರಾತು ನೆನಪಿನಲ್ಲಿ ನಿಲ್ಲಬೇಕಾದರೆ ಒಂದು ಪ್ರಾಸ ಬೇಕು, ಸುಳ್ಳು ಹೇಳುವಾಗ ಅಲುಗದ ಮುಖ ಬೇಕು ಎಂಬುದು ನನ್ನ ಸಿದ್ಧಾಂತ. "ಮಾರ್ಕ್ಸ್ ಆಮೇಲ್ ಕೊಡಿ, ಒಲೆ ಮೇಲೆ ಆಲೈತೆ ನೋಡಿ" ಎಂಬುದು ನನ್ನ ಹೆಂಡತಿ ರತ್ನಳ ಸಿದ್ಧಾಂತ.

ಈ ಪಾಂಡಿತ್ಯದ ಸುದ್ದಿ ಬಂಗಾರಪೇಟೆಯ ಬೂಸಾ ಅಂಗಡಿಯ ಶೆಟ್ಟರಿಗೆ ಮುಟ್ಟಿ, ಊರಿನ ಕೇಬಲ್ ಚಾನೆಲ್ಲಿಗೆ ಒಂದು ಜಾಹೀರಾತು ಬರೆದುಕೊಡಿ ಎಂದರು. "ಬುಟ್ಟಿ ತುಂಬ ಬೂಸಾ ಹಾಕಿ, ಬಿಂದಿಗೆ ತುಂಬಿಯೂ ಹಾಲು ಬಾಕಿ" ಎಂದು ಬರೆದೆ. ಹೇಳಲು ಹಸು ಸಾಕಿದವರೇ ಆಗಲೆಂದು ಬೂದಿಕೋಟೆಯಲ್ಲಿದ್ದ ನಮ್ಮ ಮಾವನನ್ನು, ಅಂದರೆ ರತ್ನಳ ಅಪ್ಪನನ್ನು, ಅವರ ಹಸುವಿನ ಪಕ್ಕ ನಿಲ್ಲಿಸಿದೆವು. ಮಾವ ಕ್ಯಾಮೆರಾದ ಕಡೆಗೆ ನೋಡಲೇ ಇಲ್ಲ. ಹಸುವನ್ನು ನೋಡುತ್ತ, "ಬೂಸಾ ಚೆನ್ನಾಗೈತೆ. ಬರೀ ಬೂಸಾಕ್ಕೆ ಆಲು ಬರಲ್ಲ. ಕರೆಯಾಕ್ ಮುಂಚೆ ಒಂಚೂರು ಮೈ ಸವರ್ಬೇಕು" ಎಂದರು. ಅಷ್ಟರಲ್ಲಿ ಹಸು ಅಂಬಾ ಎಂದಿತು. "ಇರಮ್ಮ, ಬತ್ತೀನಿ" ಎನ್ನುತ್ತ ಅದರ ಹತ್ತಿರ ಹೋಗಿಬಿಟ್ಟರು. ಬರೆದುಕೊಟ್ಟದ್ದನ್ನು ಹೇಳಬಾರದಿತ್ತೇ ಎಂದು ನಾನು ಸಿಡುಕಿದೆ. "ಅಳಿಯಂದ್ರೇ, ಅಸು ಪಕ್ಕದಾಗೇ ನಿಂತೈತೆ. ಅದರೆದುರ್ಗೆ ಎಂಗೆ ಸುಳ್ಳೇಳಾದು?" ಎಂದರು.

ಮತ್ತೆ ಚಿತ್ರೀಕರಿಸಲು ಶೆಟ್ಟರಿಗೆ ಪುರುಸೊತ್ತಿರಲಿಲ್ಲ. ಅದೇ ಪ್ರಸಾರವಾಯಿತು. ನಾನು ಕೊಟ್ಟದ್ದು ಹತ್ತಕ್ಕೆ ಎರಡು.

ಹೋದ ವರ್ಷ ಮಾವ ತೀರಿಕೊಂಡರು. ಹಸುವನ್ನೂ ಮಾರಿದ್ದಾಯಿತು. ಜಾಹೀರಾತು ಮಾತ್ರ ಸಂಜೆ ಆರೂವರೆಯ ಸುದ್ದಿಯ ನಡುವೆ ಬರುತ್ತಲೇ ಇತ್ತು. ಆ ಹೊತ್ತಿಗೆ ರತ್ನ ಒದ್ದೆ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ನಮ್ಮ ಮನೆಗೆ ಬಂದು ಹೊರಡುವಾಗಲೂ ಮಾವ ಅವಳಿಗೆ ಅದನ್ನೇ ಹೇಳುತ್ತಿದ್ದರು, "ಇರಮ್ಮ, ಬತ್ತೀನಿ" ಎಂದು. ಅವರ ದನಿ ಬೇರೆಲ್ಲೂ ಉಳಿದಿಲ್ಲ. ಆ ಜಾಹೀರಾತನ್ನು ಫೋನಿನಲ್ಲಿ ಹಾಕಿಕೊಡಲೇ ಎಂದು ಒಮ್ಮೆ ಕೇಳಿದೆ. "ಬ್ಯಾಡ. ನಾವು ಒತ್ತಿದಾಗೆಲ್ಲಾ ಬರಾದು ಬ್ಯಾಡ. ಅಪ್ಪ ತಾನಾಗೇ ಬರ್ಲಿ" ಎಂದಳು. ಫೋನನ್ನು ಜೇಬಿಗೆ ಸೇರಿಸಿದೆ.

ಹೀಗಿರುವಾಗ ಶೆಟ್ಟರ ಫೋನ್ ಬಂತು. "ಮೇಷ್ಟ್ರೇ, ಆ ತಾತನ್ನ ತೆಗೆದ್ಬಿಟ್ಟು ಒಸಾದು ಮಾಡ್ಸಾಣ. ನಿಮ್ಮ ಪ್ರಾಸಾನೇ ಆಕಾಣ." ಸತ್ಯ ಹೇಳಬೇಕೆಂದರೆ ಒಂದು ಗಳಿಗೆ ನನಗೆ ಖುಷಿಯಾಯಿತು. ಆಮೇಲೆ ಅಡುಗೆಮನೆಯ ಬಾಗಿಲು ಕಣ್ಣಿಗೆ ಬಿದ್ದು ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬಂದ ರೈಲು ಹತ್ತಿ ಬಂಗಾರಪೇಟೆಗೆ ಹೋದೆ.

ಅಂಗಡಿಯಲ್ಲಿ ಕೂತು, ಹಳೆಯ ಜಾಹೀರಾತು ಎಷ್ಟು ಪರಿಣಾಮಕಾರಿ ಎಂದು ನನ್ನ ಸಿದ್ಧಾಂತವನ್ನೆಲ್ಲ ತಲೆಕೆಳಗು ಮಾಡಿ ವಾದಿಸಿದೆ. ರತ್ನಳ ವಿಷಯ ಹೇಳಲು ಬಾಯಿ ಬರಲಿಲ್ಲ. ಶೆಟ್ಟರು ತಾಳ್ಮೆಯಿಂದ ಕೇಳಿ, "ಎಲ್ಲಾ ಸರಿ ಮೇಷ್ಟ್ರೇ. ಅದನ್ನ ನೋಡಿ ಬೂಸಾ ತಗೊಂಡೋರು ಒಬ್ರನ್ನ ತೋರ್ಸಿ, ಸಾಕು" ಎಂದರು.

"ನಾನೇ ಬಂದಿದ್ದೀನಲ್ಲ. ಒಂದು ಮೂಟೆ ಕೊಡಿ" ಎಂದೆ.

ಶೆಟ್ಟರು ನನ್ನ ಮುಖವನ್ನೇ ನೋಡಿದರು. ನಮ್ಮ ಮನೆಯಲ್ಲಿ ಹಸುವಿಲ್ಲವೆಂದು ಅವರಿಗೆ ಗೊತ್ತು. "ಈ ತಿಂಗ್ಳು ಓಡ್ಲಿ ಬಿಡಿ" ಎಂದರು.

ಆಟೋದಿಂದ ಮೂಟೆ ಇಳಿಸಿದಾಗ ರತ್ನ, "ಏನ್ರೀ ಇದು, ಯಾರ್ ತಿನ್ನಾಕೆ?" ಎಂದಳು. ಜಾಹೀರಾತು ನೋಡಿ ತಂದೆ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಮೂಟೆಯ ಇನ್ನೊಂದು ತುದಿ ಹಿಡಿದಳು.

ತಿಂಗಳಿಗೊಂದರಂತೆ ಈಗ ನಡುಮನೆಯಲ್ಲಿ ನಾಲ್ಕು ಮೂಟೆಗಳಾಗಿವೆ. ಕುರ್ಚಿಗೆ ಜಾಗವಿಲ್ಲ. ಸಂಜೆ ಆರೂವರೆಗೆ ನಾನು ಅವುಗಳ ಮೇಲೆಯೇ ಕೂತು, ಉಳಿದ ಜಾಹೀರಾತುಗಳಿಗೆ ಅಂಕ ಕೊಡುತ್ತ ಮಾವ ಬರುವುದನ್ನು ಕಾಯುತ್ತೇನೆ.